ತಿರುವಿನಲ್ಲಿ ಎರಡೇ ಗೆರೆ

"ಏಳ್ರಿ ಅಕ್ಕಾರ, ಜನ ನೋಡಾಕತ್ತಾರ," ಎಂದ ಸಬ್‌ಇನ್‌ಸ್ಪೆಕ್ಟರ್ ಶೀತಲ ಮಗದುಮ್.

ಖೈರುನ್ನಿಸಾ ಏಳಲಿಲ್ಲ. ಕೊಕಟನೂರ ಹೊರಗಿನ ಒಣದ್ರಾಕ್ಷಿ ಶೆಡ್ಡಿನ ಎದುರು, ಕಪ್ಪು ಕೆಸರು ಒಣಗಿ ಗಟ್ಟಿಯಾದ ಹೊಲದ ದಾರಿಯಲ್ಲಿ ಅವಳು ಮಂಡಿಯೂರಿ ಕೂತು ಕಾಲು ಗಂಟೆಯಾಗಿತ್ತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಕೈಯಲ್ಲಿ ಅಳತೆಯ ಟೇಪಿತ್ತು. ಐವತ್ತೆರಡು ವರ್ಷದ ಮೊಣಕಾಲು ಸಾಕು ಸಾಕೆನ್ನುತ್ತಿತ್ತು, ಆದರೆ ಅದರ ಮಾತು ಕೇಳುತ್ತ ಕೂರುವ ದಿನ ಇದಾಗಿರಲಿಲ್ಲ.

"ನೋಡಲಿ ಬಿಡ್ರಿ ಸಾಹೇಬ್ರ. ನಾನೂ ಮೊದಲ ಹಿಂಗ ಬಂದು ನೋಡಬೇಕಾಗಿತ್ತು. ನೋಡಲಿಲ್ಲ. ಅದರ ಶಿಕ್ಷಾ ಮುಜಫ್ಫರ ಉಣ್ಣಾಕತ್ತಾನ."

ಬುಧವಾರ ರಾತ್ರಿ ಈ ಶೆಡ್ಡಿನಿಂದ ನೂರು ಪೆಟ್ಟಿಗೆ ಒಣದ್ರಾಕ್ಷಿ ಕಳುವಾಗಿತ್ತು. ಕೆಸರಿನಲ್ಲಿ ಉಳಿದಿದ್ದ ಟೈರಿನ ಗುರುತಿನ ಫೋಟೋವನ್ನು ಮಗದುಮ್ ಮರುದಿನ ಹಾರೂಗೇರಿಗೆ ತಂದು, ಟೈರ್ ಅಂಗಡಿಯ ಒಡತಿ ಖೈರುನ್ನಿಸಾಗೆ ತೋರಿಸಿದ್ದ. ಅವಳು ಬಸಿಯಲ್ಲಿದ್ದ ಚಹಾ ಮುಗಿಸುವ ಮೊದಲೇ ಉತ್ತರ ಹೇಳಿಬಿಟ್ಟಿದ್ದಳು.

"ಇದು ನಮ್ಮ ಮುಜಫ್ಫರನ ಪಿಕಪ್ಪಿಂದು. ಅಂಚಿನ ಮ್ಯಾಲ ಒಂದು ರಬ್ಬರ್ ಗಟ್ಟಿ ಇಲ್ಲ ನೋಡ್ರಿ. ಕಲ್ಲು ಹೊಕ್ಕಿತ್ತು, ನಾನ ಕೊಯ್ದು ತಗದಿದ್ದೆ."

ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಮೂವತ್ತು ವರ್ಷ ಟೈರು ಮುಟ್ಟಿದ ಕೈ ಅದು. ಪೊಲೀಸರೇ ಬಂದು ಕೇಳಿದರಲ್ಲ ಎಂದು ಆ ದಿನ ಅವಳಿಗೆ ಒಳಗೊಳಗೇ ಹಿಗ್ಗೂ ಆಗಿತ್ತು. ಶುಕ್ರವಾರ ಸಂಜೆ ಮುಜಫ್ಫರನನ್ನು ಹಿಡಿದು ಕೂರಿಸಿದಾಗ ಆ ಹಿಗ್ಗು ಇಳಿಯಿತು. ಆ ರಾತ್ರಿ ಅವಳು ಉಣ್ಣಲಿಲ್ಲ. ಹತ್ತು ವರ್ಷದಿಂದ ಬಲ್ಲ ಹುಡುಗ, ಅವಳ ಅಂಗಡಿಯಲ್ಲಿ ಕಂಡವರ ಸ್ಪ್ಯಾನರನ್ನು ಕೂಡ ಎತ್ತಿಕೊಂಡು ಹೋದವನಲ್ಲ.

ಪೊಲೀಸರು ಅವನ ಪಿಕಪ್ ನೋಡಿದಾಗ ಅದಕ್ಕೆ ನಾಲ್ಕೂ ಹೊಸ ಟೈರು ಇದ್ದವು. ಸೋಮವಾರವೇ ನಿಪ್ಪಾಣಿಯಲ್ಲಿ ಹಾಕಿಸಿದೆ, ಹಳೆಯವನ್ನು ಅಲ್ಲೇ ಬಿಟ್ಟೆ ಎಂದ ಅವನು. ನಿಪ್ಪಾಣಿಯ ಅಂಗಡಿಯವನು ಫೋನಿನಲ್ಲಿ, "ಸೋಮವಾರ ಎಲ್ಲಿ ಸಾಹೇಬ, ಗುರುವಾರ ಬಂದಿದ್ದ," ಎಂದ. ಕಳವಿನ ಮರುದಿನ ಗುರುತು ಮುಚ್ಚಲು ಟೈರು ಬದಲಿಸಿದ್ದಾನೆ ಎಂದು ಕೇಸು ಕೂತುಬಿಟ್ಟಿತು. ಇವತ್ತು ಶನಿವಾರ. ಸಂಜೆ ಐದರೊಳಗೆ ಅವನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು. ಆಮೇಲೆ ಜೈಲು, ಪಿಕಪ್ ಜಪ್ತಿ. ಸುಗ್ಗಿಯ ದಿನಗಳಲ್ಲಿ ಗಾಡಿ ಹೋದರೆ ಅವನ ಸಂಸಾರ ನಡೆಯುವುದು ಹೇಗೆ?

ಖೈರುನ್ನಿಸಾ ಟೇಪು ಮಡಚಿ ತಲೆಯೆತ್ತಿದಳು.

"ಸಾಹೇಬ್ರ, ಪಿಕಪ್ಪಿಗೆ ಗಾಲಿ ಎಷ್ಟು?"

"ಇದೇನ್ ಕೇಳ್ತೀರಿ ಅಕ್ಕಾರ? ನಾಕು."

"ನೆಟ್ಟಗ ಹೊಂಟಾಗ ಹಿಂದಿನ ಗಾಲಿ ಮುಂದಿನದರ ಹೆಜ್ಜಿ ತುಳಕೋತ ಹೋಗತೈತಿ. ತಿರುವಿನ್ಯಾಗ?"

ಮಗದುಮ್ ಕೈಯನ್ನೇ ಗಾಡಿ ಮಾಡಿ ಗಾಳಿಯಲ್ಲಿ ತಿರುಗಿಸಿದ. "ಹಿಂದಿನದು ಒಳಗ ಸರೀತೈತಿ."

"ಅಂದ್ರ ತಿರುವಿನ್ಯಾಗ ಗೆರಿ ಎಷ್ಟು ಬೀಳಬೇಕು?"

"ನಾಕು."

"ಇಲ್ಲಿ ಎಣಸ್ರಿ."

ಶೆಡ್ಡಿನ ಬಾಗಿಲಿನಿಂದ ಹೊರಟ ದಾರಿ ಬೇವಿನ ಗಿಡದ ಹತ್ತಿರ ಎಡಕ್ಕೆ ಹೊರಳುತ್ತಿತ್ತು. ಮಗದುಮ್ ಟೋಪಿ ತೆಗೆದು ಬಗ್ಗಿದ. ಬಲಕ್ಕೆ ಒಂದು ಗೆರೆ, ಎಡಕ್ಕೆ ಒಂದು ಗೆರೆ. ತಿರುವಿನ ಆ ತುದಿಯವರೆಗೂ ನಡೆದುಹೋಗಿ ನೋಡಿದ. ಎರಡರ ಮೇಲೆ ಮೂರನೆಯದು ಸಿಗಲಿಲ್ಲ. ಇನ್ನೊಮ್ಮೆ ಎಣಿಸಿದ. ಎರಡನ್ನು ಎಷ್ಟು ಸಲ ಎಣಿಸಿದರೂ ಎರಡೇ ಆಗುತ್ತವೆ.

"ಎರಡ ಗಾಲಿ ಇರೋ ಪಿಕಪ್ಪಿಗೆ ನಾ ಇನ್ನೂ ಟಾಯರ್ ಮಾರಿಲ್ರಿ," ಎಂದಳು ಖೈರುನ್ನಿಸಾ.

ಶೆಡ್ಡಿನ ಕಟ್ಟೆಯ ಮೇಲೆ ದ್ರಾಕ್ಷಿಯ ಕಡ್ಡಿ ಆರಿಸುತ್ತಿದ್ದ ರಾಮವ್ವನನ್ನು ಅವಳು ಕೂಗಿದಳು. "ಯವ್ವಾ, ಈ ಶೆಡ್ಡಿನ್ಯಾಗ ಎತ್ತು ಅದಾವೇನು?"

"ಎಲ್ಲೀವು ಬೇ? ಟ್ರ್ಯಾಕ್ಟರ್ ತಂದಾಗ ಎತ್ತು ಮಾರ್ಯಾರ. ಮೂರು ವರ್ಷ ಆತು."

ಎರಡು ಗೆರೆಗಳ ನಡುವೆ, ಉದ್ದಕ್ಕೂ, ಗೊರಸಿನ ಗುರುತುಗಳಿದ್ದವು. ಅವನ್ನು ಪೊಲೀಸರೂ ನೋಡಿದ್ದರು, ಫೋಟೋದಲ್ಲಿ ಖೈರುನ್ನಿಸಾಳೂ ನೋಡಿದ್ದಳು. ಆದರೆ ಎತ್ತಿನ ಗೊರಸಿಲ್ಲದ ದಾರಿ ಈ ಸೀಮೆಯಲ್ಲಿ ಯಾವುದಿದೆ? ಹಾಗಾಗಿ ಯಾರ ತಲೆಯೊಳಗೂ ಅದು ಹೋಗಿರಲಿಲ್ಲ.

"ಟಾಯರ್ ಗಾಡಿ!" ಎಂದ ಮಗದುಮ್.

"ಹೌದ್ರಿ. ಎತ್ತಿನ ಗಾಡಿ."

ಕೃಷ್ಣೆಯ ದಂಡೆಯ ಈ ಊರುಗಳಲ್ಲಿ ಪಿಕಪ್ಪಿನಿಂದ ಇಳಿದ ಟೈರು ಗುಜರಿಗೆ ಹೋಗುವುದು ಕಡಿಮೆ. ಕಬ್ಬು ಹೊರುವ ಎತ್ತಿನ ಗಾಡಿಗೆ ಅದು ಏರುತ್ತದೆ, ಇನ್ನೆರಡು ಹಂಗಾಮು ದುಡಿಯುತ್ತದೆ. ಖೈರುನ್ನಿಸಾಳೇ ಅಂಥ ನೂರಾರು ಹಳೆಯ ಟೈರು ಕೊಟ್ಟಿದ್ದಳು. ಅಂಥವಳು ಟೈರಿನ ಮುಖ ನೋಡಿ ಗುರುತು ಹಿಡಿದಳು, ಅದು ಯಾವ ಗಾಡಿಯ ಕೆಳಗಿದೆ ಎಂದು ಕೇಳಲಿಲ್ಲ. ತನ್ನ ಮೇಲೆ ತನಗೇ ಬಂದ ಸಿಟ್ಟನ್ನು ಅವಳು ಮೊಣಕಾಲಿನ ಮಣ್ಣು ಕೊಡವುವುದರಲ್ಲಿ ತೀರಿಸಿಕೊಂಡಳು.

ಮಗದುಮ್ ಒಳ್ಳೆಯವನು, ಆದರೆ ಕಾಗದದ ಮನುಷ್ಯ. "ಅಕ್ಕಾರ, ನನಗ ತಿಳೀತು. ಆದ್ರ ನಿಪ್ಪಾಣಿಯವ ಗುರುವಾರ ಅಂತಾನ. ಗುರುವಾರ ಟಾಯರ್ ಬಿಚ್ಚಿದ್ರ ಬುಧವಾರ ರಾತ್ರಿ ಅವು ಪಿಕಪ್ಪಿಗೇ ಇದ್ದವು, ಎತ್ತಿನ ಗಾಡಿಗೆ ಹೆಂಗ ಬಂದ್ವು? ಆ ಗುರುವಾರ ಒಡೀಬೇಕು. ನಾಕ ಗಂಟೆಕ್ಕ ನಾ ಅವನ್ನ ಕರಕೊಂಡು ಕೋರ್ಟಿಗೆ ಹೊಂಟಬಿಡ್ತೇನಿ."

"ನಾಕ ಗಂಟೆಕ್ಕ ತಾನೇ? ಒಡೀತೇನಿ."

ಅಂಗಡಿಯ ಪಿಕಪ್ಪಿನ ಬಳಿ ತಮ್ಮ ದಸ್ತಗೀರ ಕಾಯುತ್ತಿದ್ದ. ತಾಯಿ ತೀರಿಕೊಂಡಾಗ ವರ್ಷದ ಕೂಸು, ಅವಳೇ ಸಾಕಿ ಬೆಳೆಸಿದಳು. ಗಂಡ ಹೋದ ಮೇಲೆ ಅಂಗಡಿಯಲ್ಲಿ ಅವಳ ಬಲಗೈ ಅವನೇ.

"ಎಲ್ಲಿಗೆ ಆಪಾ?"

"ನಿಪ್ಪಾಣಿಗೆ ಹೊಡಿ. ಸಮಾಧಾನನ ಟಾಯರ್ ಅಂಗಡಿಗೆ."

"ಅಷ್ಟು ದೂರ? ಬಿಸಲಾಗ ಯಾಕ ತ್ರಾಸ ತಗೋತಿ? ಪೊಲೀಸರು ನೋಡ್ಕೋತಾರ ಬಿಡು."

"ನಾ ಹೇಳಿದ್ದರಿಂದ ಅವ ಒಳಗ ಕುಂತಾನ. ನಾನ ಹೊರಗ ತರಬೇಕು. ಹೊಡಿ."

ಹಾರೂಗೇರಿ, ರಾಯಬಾಗ, ಚಿಕ್ಕೋಡಿ ಹಿಂದೆ ಸರಿದವು. ದಾರಿಯುದ್ದಕ್ಕೂ ಕಬ್ಬಿನ ಗಾಡಿಗಳು. ಖೈರುನ್ನಿಸಾ ಒಂದೊಂದರ ಗಾಲಿಯನ್ನೂ ನೋಡುತ್ತ ಕೂತಿದ್ದಳು. ಅವಳ ಮನಸ್ಸಿನಲ್ಲಿ ಇನ್ನೊಂದು ಸಣ್ಣ ನೋವಿತ್ತು, ಅದನ್ನೂ ಹೇಳಿಬಿಡಬೇಕು. ಹೊಸ ಟೈರು ಯಾವುದು ಹಾಕಿಸಲಿ ಎಂದು ಮುಜಫ್ಫರ ಮೂರು ವಾರ ಅವಳ ತಲೆ ತಿಂದಿದ್ದ. ಡಾಂಬರಿನ ಟೈರು ಹಾಕಿದರೆ ಎರೆ ಹೊಲದಲ್ಲಿ ಗಾಡಿ ಹೂತು ನಿಲ್ಲುತ್ತದೆ. ಬರೀ ಕೆಸರಿನ ಟೈರು ಹಾಕಿದರೆ ಡಾಂಬರಿನ ಮೇಲೆ ಗೊರಗೊರ ಸದ್ದು, ಡೀಸೆಲ್ಲೂ ಹೆಚ್ಚು. ಎರಡಕ್ಕೂ ಸಲ್ಲುವ ಆಲ್ ಟೆರೇನ್ ಹಾಕಿಸು, ಆದರೆ ಭಾರ ಹೊರುವ ಗಾಡಿಯದೇ ನೋಡಿ ತಗೋ, ಕಾರಿನದು ತಗೊಂಡರೆ ಪಕ್ಕ ಒಡೆಯುತ್ತದೆ ಎಂದು ಅವಳು ಎಷ್ಟು ಕಪ್ ಚಹಾದ ಮೇಲೆ ಬಿಡಿಸಿ ಹೇಳಿದ್ದಳೋ. ಎಲ್ಲ ಕೇಳಿಕೊಂಡು ಹೋದವನು ನಿಪ್ಪಾಣಿಯಲ್ಲಿ ಕೊಂಡಿದ್ದ! ಹೊಸ ಟೈರಿನ ಸುದ್ದಿಯೇ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಫೋಟೋ ನೋಡಿದ ದಿನವೇ ಬಾಯಿ ಬಿಗಿಹಿಡಿಯುತ್ತಿದ್ದಳು.

ನಿಪ್ಪಾಣಿ ಮುಟ್ಟುವಾಗ ಒಂದು ಗಂಟೆ ದಾಟಿತ್ತು. ದಸ್ತಗೀರ ಗಾಡಿಯನ್ನು ಅಂಗಡಿಯಿಂದ ಐವತ್ತು ಹೆಜ್ಜೆ ಆಚೆ ನೆರಳಿಗೆ ನಿಲ್ಲಿಸಿದ. ಸೊಂಟ ಹಿಡಿದಿದೆ, ನೀನೇ ಹೋಗಿ ಬಾ ಎಂದ.

"ಯಾ ಮಾವಶಿ, ಬಸಾ, ಬಸಾ," ಎಂದು ಮರಾಠಿಯಲ್ಲಿ ಕರೆದು ಸಮಾಧಾನ ಕುರ್ಚಿ ಎಳೆದು ಒರೆಸಿದ. ನಲವತ್ತರ ಆಸುಪಾಸಿನವನು, ಬಾಯಿ ತುಂಬ ಮಾತು. "ಏನ್ ಬೇಕು ಹೇಳ್ರಿ."

"ಪಿಕಪ್ಪಿಗೆ ನಾಕು ಟಾಯರ್. ಹದಿನೈದರ ರಿಮ್ಮು. ಹೊಲಕ್ಕೂ ಬೇಕು, ಡಾಂಬರಿಗೂ ಬೇಕು."

"ಆಲ್ ಟೆರೇನ್! ಏಕ್ ನಂಬರ್ ಮಾಲು ಐತಿ." ಅವನು ಒಳಗಿನಿಂದ ಒಂದನ್ನು ಉರುಳಿಸಿಕೊಂಡು ಬಂದ. ಖೈರುನ್ನಿಸಾ ಕನ್ನಡಕ ಏರಿಸಿ ಪಕ್ಕದ ಅಂಕಿಗಳ ಮೇಲೆ ಬೆರಳಾಡಿಸಿದಳು. ಏನೂ ತಿಳಿಯದ ಗಿರಾಕಿಯಂತೆ ನಟಿಸಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡಿದ್ದಳು. ಆದರೆ ಕೈ ಕೇಳಬೇಕಲ್ಲ?

"ಇದು ನಾಕು ವರ್ಷದ ಹಿಂದಿಂದು. ಈ ನಾಕು ಅಂಕಿ ನೋಡ್ರಿ, ಮೊದಲಿನ ಎರಡಂಕಿ ತಯಾರಾದ ವಾರ, ಆಮ್ಯಾಲಿನ ಎರಡಂಕಿ ವರ್ಷ. ಮತ್ತ ಇದು ಕಾರಿಂದು. ಇದರ ಮ್ಯಾಲ ಒಂದೂವರೆ ಟನ್ನು ಹೇರಿದ್ರ ಅಥಣಿ ಮುಟ್ಟೂದ್ರಾಗ ಪಕ್ಕ ಒಡದು ಬಾಯಿ ತಗೀತೈತಿ."

ಸಮಾಧಾನ ಕಣ್ಣರಳಿಸಿದ. "ಮಾವಶಿ, ನೀವು ಗಿರಾಕಿನೋ, ಕಂಪನಿ ಇನ್‌ಸ್ಪೆಕ್ಟರೋ?"

"ಮನ್ಯಾಗ ಗಾಡಿ ಐತಿ, ಕಲತೇನಿ. ಒಳ್ಳೇದು ತಗೀರಿ."

ಎರಡನೆಯದೂ ಹಳೆಯ ಮಾಲು. ಮೂರನೆಯದನ್ನು ತಂದಾಗ ಅವಳು ಬೆರಳಾಡಿಸಿ ತಲೆದೂಗಿದಳು. ಈ ವರ್ಷದ ಟೈರು. ಭಾರದ ಗಾಡಿಯದೇ. ಗಟ್ಟಿಗಳ ನಡುವಿನ ಸಂದು ಅಗಲ, ಕೆಸರು ಕಚ್ಚಿದರೆ ಗಾಲಿ ತಿರುಗುವಾಗ ತಾನೇ ಉದುರಿಹೋಗುತ್ತದೆ. ಠಾಣೆಯ ಎದುರು ನಿಂತಿದ್ದ ಮುಜಫ್ಫರನ ಪಿಕಪ್ಪಿಗೆ ಇದೇ ಇದ್ದದ್ದನ್ನು ಅವಳು ನೋಡಿದ್ದಳು. ಹುಡುಗ ಅವಳು ಹೇಳಿಕೊಟ್ಟದ್ದನ್ನು ಒಂದೂ ಬಿಡದೆ ನೋಡಿ ಆರಿಸಿದ್ದ. ಸಿಟ್ಟಿನ ನಡುವೆಯೂ ಅವಳಿಗೆ ಹೆಮ್ಮೆಯಾಯಿತು.

"ಮಾಲು ಚಲೋ ಕಾಣತೈತಿ. ಎರಿ ಹೊಲದಾಗ ನಡೀತೈತಿ ಅಂತ ನಾ ಹೆಂಗ ನಂಬಲಿ? ಇಲ್ಲಿ ಯಾರಾರ ಹಾಕ್ಸ್ಯಾರೇನು?"

"ಯಾರಾರ ಅಂತೀರಾ?" ಸಮಾಧಾನನಿಗೆ ರೋಷ ಬಂತು. ಫೋನು ತೆಗೆದ.

ಖೈರುನ್ನಿಸಾ ಬಂದದ್ದೇ ಇದಕ್ಕೆ. ಈ ಕಡೆ ಯಾವ ಟೈರ್ ಅಂಗಡಿಯವನೂ ಹೊಸ ಟೈರು ಹಾಕಿ ಗಿರಾಕಿಯನ್ನು ಹಾಗೇ ಕಳಿಸುವುದಿಲ್ಲ. ಗಾಡಿಗೆ ಹಾರ, ಗಾಲಿಗೆ ಕುಂಕುಮ, ಗಾಲಿಯ ಕೆಳಗೆ ನಿಂಬೆಹಣ್ಣು, ಗಿರಾಕಿಯ ಕೈಯಲ್ಲಿ ತೆಂಗಿನಕಾಯಿ. ಹಿಂದೂ ಆಗಲಿ, ಜೈನ ಆಗಲಿ, ಮುಸಲ್ಮಾನ ಆಗಲಿ, ಕಾಯಿ ಹಿಡಿದು ನಿಲ್ಲಬೇಕು, ಅಂಗಡಿಯವನು ಫೋಟೋ ಹೊಡೆಯಬೇಕು. ಅವಳ ಅಂಗಡಿಯಲ್ಲೂ ಅದೇ ರೂಢಿ. ಪೊಲೀಸರಿಗೆ ಸುಳ್ಳು ಹೇಳಿದವನು ಕೂಡ ಆ ಫೋಟೋ ಅಳಿಸುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು, ಯಾಕೆಂದರೆ ಅಳಿಸುವ ಮನಸ್ಸು ತನಗೂ ಬರುತ್ತಿರಲಿಲ್ಲ.

"ಇವರು ಕಾಗವಾಡದವರು. ಇವರು ಅಲಖನೂರ, ಕಬ್ಬಿನ ಹೊಲದಾಗ ಇದ ಟಾಯರ್. ಇವರು ಚಿಕ್ಕೋಡಿ..." ಸಮಾಧಾನನ ಹೆಬ್ಬೆರಳು ಫೋಟೋಗಳನ್ನು ಸರಸರ ಸರಿಸುತ್ತಿತ್ತು. ಹಾರ, ಕಾಯಿ, ನಗೆ. ಹಾರ, ಕಾಯಿ, ನಗೆ.

"ನಿಲ್ರಿ," ಎಂದಳು ಖೈರುನ್ನಿಸಾ, ಪರದೆಯ ಮೇಲೆ ಬೆರಳಿಟ್ಟು.

ಬಿಳಿ ಪಿಕಪ್. ಬಾನೆಟ್ಟಿಗೆ ಚೆಂಡುಹೂವಿನ ಹಾರ. ಮುಂದೆ ಮುಜಫ್ಫರ, ಕಾಯಿಯನ್ನು ಮುಖದ ಅರ್ಧಕ್ಕೆ ಅಡ್ಡ ಹಿಡಿದುಕೊಂಡು ಸಂಕೋಚದಿಂದ ನಿಂತಿದ್ದ. ಫೋಟೋ ಎಲ್ಲಾದರೂ ಹಾರೂಗೇರಿ ಮುಟ್ಟಿ ಖೈರುನ್ನಿಸಾಳ ಕಣ್ಣಿಗೆ ಬಿದ್ದರೆ ಎಂಬ ಹೆದರಿಕೆ ಅದು. ಅವಳಿಗೆ ನಗೆ ಉಕ್ಕಿತು, ಜೊತೆಗೇ ಕಣ್ಣೂ ತುಂಬಿತು.

ಫೋಟೋದ ಮೇಲಂಚಿನಲ್ಲಿ ಫೋನು ತಾನೇ ಬರೆದುಕೊಂಡಿತ್ತು: ಸೋಮವಾರ, ಬೆಳಿಗ್ಗೆ ೧೧:೪೨.

ಹಿಂದಿನ ಗೋಡೆಗೆ ನಾಲ್ಕು ಹಳೆಯ ಟೈರು ಒರಗಿದ್ದವು. ಅವಳು ಎರಡು ಬೆರಳಿನಿಂದ ಚಿತ್ರ ಹಿಗ್ಗಿಸಿದಳು. ಮೊದಲನೆಯದರ ಅಂಚಿನಲ್ಲಿ ಒಂದು ಗಟ್ಟಿ ಇರಲಿಲ್ಲ. ಕೊಯ್ದ ಜಾಗ ಅವಳದೇ ಕೈಕೆಲಸ.

"ಗುರುವಾರ ಅಂತ ಪೊಲೀಸರಿಗೆ ಯಾಕ ಹೇಳಿದ್ರಿ?"

ಸಮಾಧಾನ ಫೋನು ಕಿತ್ತುಕೊಳ್ಳಲು ಕೈ ಚಾಚಿದ. ಅವಳು ಅದನ್ನು ಎದೆಗೆ ಒತ್ತಿ ಹಿಡಿದಳು.

"ಯಾರು ನೀವು?"

"ಹಾರೂಗೇರಿ ಖೈರುನ್ನಿಸಾ. ನಿಮ್ಮಂಗ ಟಾಯರ್ ಮಾರ್ಕೊಂಡು ಉಣ್ಣಾಕಿ. ಈ ಹುಡುಗಗ ಮೂರು ವಾರ ಚಾ ಕುಡಿಸಿ ಟಾಯರ್ ಆರಸೂದು ಕಲಿಸಿದಾಕಿ ನಾ. ಲಾಭ ನಿಮಗಾತು, ಆಗಲಿ. ಆದ್ರ ನಿಮ್ಮ ಒಂದು ಸುಳ್ಳಿಗೆ ಅವ ಸಂಜೀಕ ಜೈಲಿಗೆ ಹೊಂಟಾನ."

"ನನಗೇನೂ ಗೊತ್ತಿಲ್ಲ ಮಾವಶಿ..."

"ಸೋಮವಾರ ಟಾಯರ್ ಬಿಚ್ಚಿದ್ದು ನಿಮ್ಮ ಅಂಗಡ್ಯಾಗ. ಬುಧವಾರ ಅವೇ ಟಾಯರ್ ಎತ್ತಿನ ಗಾಡಿ ಮ್ಯಾಲ ಕುಂತು ಕಳವು ಮಾಡ್ಯಾವ. ನಡುವಿನ ಎರಡು ದಿನ ಅವು ಯಾರ ಹತ್ರ ಇದ್ದವು? ಹೇಳ್ರಿ, ಇಲ್ಲಾಂದ್ರ ಆ ನೂರು ಪೆಟ್ಟಿಗಿ ನಿಮ್ಮ ತಲಿ ಮ್ಯಾಲ ಬರತಾವ."

ಸಮಾಧಾನ ಅಲ್ಲೇ ಇದ್ದ ಟೈರಿನ ಮೇಲೆ ಕುಸಿದು ಕೂತ.

ಖೈರುನ್ನಿಸಾ ಮೊದಲು ಆ ಫೋಟೋವನ್ನು ಮಗದುಮ್‌ಗೆ ಕಳಿಸಿದಳು. ಆಮೇಲೆ ತನ್ನ ಫೋನಿನಿಂದ ಅವನಿಗೆ ಕರೆ ಮಾಡಿ, ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು. ಗೋಡೆಯ ಗಡಿಯಾರದಲ್ಲಿ ಎರಡೂಕಾಲು.

ಅವನು ಫೋಟೋ ತೆರೆದು ನೋಡಲಿ ಎಂದು ಕಾದಳು. ಆಮೇಲೆ ಮಗದುಮ್ ಜೋರಾಗಿ ನಕ್ಕ. ಅವನು ನಕ್ಕದ್ದನ್ನು ಅವಳು ಈವರೆಗೆ ಕೇಳಿರಲಿಲ್ಲ.

"ಅಕ್ಕಾರ, ಗುರುವಾರ ಒಡೀತು! ಸೋಮವಾರ ಅಂತ ಚೊಕ್ಕ ಬರದೈತಿ. ಹಳೇ ಟಾಯರೂ ಕಾಣಾಕತ್ತೈತಿ. ಕೋರ್ಟಿನ್ಯಾಗ ಈ ಫೋಟೋ ಇಟ್ಟು, ಇವನ ತಪ್ಪಿಲ್ಲ, ಬಿಡ್ರಿ ಅಂತ ನಾನ ಬರದ ಕೊಡ್ತೇನಿ. ಸಂಜೀಕ ಮನ್ಯಾಗ ಇರ್ತಾನ. ತಡೀರಿ, ಅವನ ಕೈಯಾಗ ಫೋನ್ ಕೊಡ್ತೇನಿ."

"ಚಾಚಿ?" ಮುಜಫ್ಫರ ಫೋನಿಗೆ ಬಂದ. "ಚಾಚಿ, ನಿಮ್ಮ ಕಡೆ ಟಾಯರ್ ತಗೋಲಿಲ್ಲ, ಸಿಟ್ಟಾಗಬ್ಯಾಡ್ರಿ. ನಿಪ್ಪಾಣ್ಯಾಗ ತುಸು ಸೋವಿ ಸಿಕ್ತು ಅಂತ..."

"ಸಿಟ್ಟಾಗೇನಿ. ಬಂದ ಮ್ಯಾಲ ಎದರ ನಿಂದ್ರಿಸಿ ಬೈತೇನಿ. ಮೊದಲ ಮನಿಗೆ ಬಂದು ಉಣ್ಣು."

ಅವನು ಅಳುತ್ತಲೇ ನಕ್ಕ. ಖೈರುನ್ನಿಸಾಳ ಎದೆಯ ಮೇಲಿದ್ದ ಭಾರ ಸಂಪೂರ್ಣ ಇಳಿಯಿತು. ತನ್ನ ಮಾತಿನಿಂದ ಕಟ್ಟಿದ ಗಂಟನ್ನು ತಾನೇ ಬಿಚ್ಚಿದ್ದಳು. ಮೂವತ್ತು ವರ್ಷದಲ್ಲಿ ಇಂಥ ಗೆಲುವು ಅವಳಿಗೆ ಸಿಕ್ಕಿರಲಿಲ್ಲ. ಎದುರಿಗೆ ಯಾರಾದರೂ ಪೇಡೆ ಹಿಡಿದಿದ್ದರೆ ಸಮಾಧಾನನ ಬಾಯಿಗೂ ಒಂದು ತುರುಕುತ್ತಿದ್ದಳು.

ಮಗದುಮ್ ಮತ್ತೆ ಫೋನು ತೆಗೆದುಕೊಂಡ. "ಸಮಾಧಾನ, ಇನ್ನ ನೀ ಹೇಳು. ಗುರುವಾರ ಅನ್ನು ಅಂತ ಕಲಿಸಿದವ ಯಾವ?"

"ಸಾಹೇಬ, ನನ್ನ ಮಕ್ಕಳಾಣಿ, ನಾ ಅವನ ಮಾರಿ ನೋಡಿಲ್ಲ," ಎಂದ ಸಮಾಧಾನ. "ಬರೇ ಫೋನಿನ್ಯಾಗ ವ್ಯವಹಾರ. ಹಳೇ ಟಾಯರ್ ಒಯ್ಯಾಕ ಬಾಡಿಗಿ ಟೆಂಪೋ ಕಳಸ್ತಾನ, ಎತ್ತಿನ ಗಾಡಿಯವರಿಗೆ ಮಾರ್ತಾನ ಅಂತ ಗೊತ್ತು, ಅಷ್ಟ. ಸೋಮವಾರ ಸಂಜೀಕೂ ಹಂಗ ಒಯ್ಸಿದ. ಗುರುವಾರ ರಾತ್ರಿ ಒಂದು ವಾಯ್ಸ್ ಮೆಸೇಜ್ ಬಂತು. ಅಳಸು ಅಂದಿದ್ದ. ನಾಳೆ ನನ್ನ ಕುತ್ತಗಿಗೆ ಬಂದೀತಂತ ಅಳಸಲಿಲ್ಲ."

"ಹಚ್ಚು ಅದನ್ನ. ಫೋನಿಗೆ ಹತ್ರ ಹಿಡಿ."

ಸಮಾಧಾನ ತನ್ನ ಫೋನು ಇಸಿದುಕೊಂಡು ಒತ್ತಿದ. ಹಿಂದೆ ಎಲ್ಲೋ ಗಾಳಿ ತುಂಬುವ ಯಂತ್ರದ ಸದ್ದು, ಅದರ ಮೇಲೆ ಗಂಡಸಿನ ದನಿ.

"ಸಮಾಧಾನಭಾವು, ಪೊಲೀಸರು ಕೇಳಿದ್ರ ಮುಜಫ್ಫರ ಗುರುವಾರ ಬಂದಿದ್ದ ಅನ್ನು. ಸೋಮವಾರ ಅಂದಿ ಅಂದ್ರ ಹಳೇ ಟಾಯರ್ ಎಲ್ಲಿ ಹೋದ್ವು ಅಂತ ಹುಡಕ್ತಾರ. ನಿನಗೂ ತ್ರಾಸ, ನನಗೂ ತ್ರಾಸ. ಇದನ್ನ ಕೇಳಿ ಅಳಸಿಬಿಡು."

ಖೈರುನ್ನಿಸಾ ಮೊದಲನೆಯ ಮಾತಿಗೇ ಗುರುತು ಹಿಡಿದಿದ್ದಳು. ಉಳಿದದ್ದನ್ನು ಬೇರೆ ಯಾರದೋ ಆಗಲಿ, ಬೇರೆ ಯಾರದೋ ಆಗಲಿ ಎಂದುಕೊಳ್ಳುತ್ತ ಕೇಳಿದಳು. ಆ ದನಿಗೆ ಮಾತು ಕಲಿಸಿದವಳೇ ಅವಳು. ಜ್ವರ ಬಂದಾಗ ಪಕ್ಕದಲ್ಲಿ ಮಲಗಿ ಅದರ ನರಳಾಟ ಕೇಳಿದವಳು.

"ಕೇಳಿಸ್ತು ಅಕ್ಕಾರ," ಎಂದ ಮಗದುಮ್. ಅವನ ಮಾತಿನಲ್ಲಿ ಈಗ ಎಳ್ಳಷ್ಟೂ ಅನುಮಾನವಿರಲಿಲ್ಲ, ಬರೀ ಗೌರವವಿತ್ತು. "ಹಳೇ ಟಾಯರಿನ ಮಂದಿ ಎಲ್ಲಾರೂ ನಿಮಗ ಗೊತ್ತು. ಯಾರ ದನಿ ಇದು? ಇನ್ನ ನೀವು ಹೇಳಿದ್ರ ಸಾಕು, ನಾ ಮತ್ತ ಯಾರನ್ನೂ ಕೇಳೂದಿಲ್ಲ."

ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದಳು.

"ಅಕ್ಕಾರ? ಅದೀರೇನ್ರಿ?"

ಅಷ್ಟರಲ್ಲಿ ಅಂಗಡಿಯ ಬಾಗಿಲಿನ ಆಚೆ ಚಪ್ಪಲಿಯ ಸದ್ದಾಯಿತು. ಕಾದು ಬೇಸತ್ತ ದನಿಯೊಂದು ಹೊರಗಿನಿಂದಲೇ ಕೂಗಿತು.

"ಆಪಾ, ಆತೇನು? ಎಷ್ಟೊತ್ತು?"

ಸಮಾಧಾನ ಥಟ್ಟನೆ ಬಾಗಿಲಿನತ್ತ ತಿರುಗಿದ. ಅವನ ಬಾಯಿ ತೆರೆದಿತ್ತು. ಮೇಜಿನ ಮೇಲಿನ ಫೋನು ಇನ್ನೂ ತೆರೆದೇ ಇತ್ತು, ಆ ದನಿ ಮಗದುಮ್‌ಗೂ ಮುಟ್ಟಿತ್ತು.

ಖೈರುನ್ನಿಸಾ ಫೋನಿನ ಕೆಂಪು ಗುಂಡಿಯ ಮೇಲೆ ಬೆರಳಿಟ್ಟಳು.